ಜಾಸ್ತಿ ದಿನ ಬಾಳುವ ಟೈರು

ಲೊರೇನ್ ಪೆಲ್ಟಿಯರ್ ಯಾವ ಅಂಗಡಿಗೆ ಹೋದರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇದ್ರಲ್ಲಿ ಜಾಸ್ತಿ ದಿನ ಬಾಳೋದು ಯಾವ್ದು?" ಬೂಟಿಗೂ ಅದೇ, ಬಾಣಲೆಗೂ ಅದೇ. ಮಿಷಿಗನ್ನಿನ ನಮ್ಮ ಸಣ್ಣ ಊರಿನಲ್ಲಿ ಅವಳು ಶಾಲೆಯ ಬಸ್ಸು ಓಡಿಸುತ್ತಿದ್ದಳು. ರೈಲು ಹಳಿ ಬಂದರೆ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಕಿವಿಗೊಟ್ಟು ಕೇಳಿ ಆಮೇಲೆ ದಾಟಬೇಕು ಎನ್ನುವುದು ಶಾಲೆಯ ಬಸ್ಸಿನವರ ನಿಯಮ. ಲೊರೇನ್ ಸ್ವಂತ ಕಾರಿನಲ್ಲೂ ಹಾಗೆಯೇ ಮಾಡುತ್ತಿದ್ದಳು, ರೈಲು ಬರುವುದು ನಿಂತು ಹುಲ್ಲು ಬೆಳೆದ ಹಳಿಯ ಮುಂದೂ ಸಹ. ನಾನು ಅವಳೊಂದಿಗೆ ಶಾಲೆಯಲ್ಲಿ ಓದಿದವನು, ಇಲ್ಲೇ ಟೈರಿನ ಅಂಗಡಿ ಇಟ್ಟುಕೊಂಡಿರುವವನು. ಅವಳ ಕಾರಿನ ಹಿಂದೆ ಸಿಕ್ಕಿಕೊಂಡು ನಾನು ಹಲ್ಲು ಕಡಿದದ್ದಕ್ಕೆ ಲೆಕ್ಕವಿಲ್ಲ.

ಅವಳ ತಮ್ಮ ಡ್ವೇನ್ ಇದಕ್ಕೆ ಪೂರ್ತಿ ಉಲ್ಟಾ. ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿದ್ದರು. ಅವನ ಜೀವವೆಲ್ಲ ಗ್ಯಾರೇಜಿನಲ್ಲಿದ್ದ ಒಂದು ಉದ್ದನೆಯ ಕಪ್ಪು ಕಾರಿನಲ್ಲಿ. ನಾಲ್ಕು ಬಾಗಿಲು, ಎಂಟು ಸಿಲಿಂಡರು, ಕಾಲು ಸ್ವಲ್ಪ ಜೋರಾಗಿ ಊರಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುವಂಥ ರಾಕ್ಷಸ. ಪ್ರತಿ ಶುಕ್ರವಾರ ಚರ್ಚಿನ ಸಭಾಂಗಣದಲ್ಲಿ ಕರಿದ ಮೀನಿನ ಊಟ. ಡ್ವೇನ್ ಅಲ್ಲಿ ಬಿಯರ್ ಕುಡಿಯುತ್ತಿದ್ದರಿಂದ ವಾಪಸ್ಸು ಬರುವಾಗ ಅಕ್ಕನೇ ಓಡಿಸಬೇಕು. ಪಕ್ಕದಲ್ಲಿ ಕೂತವನು ಬೆಲ್ಟ್ ಹಾಕುತ್ತಿರಲಿಲ್ಲ. ಸೀಟಿನ ಮೇಲೆ ಭಾರ ಬಿದ್ದೂ ಬೆಲ್ಟ್ ಹಾಕದಿದ್ದರೆ ಎಚ್ಚರಿಸುವ ಕಾರಿನ ಗಂಟೆ ಟಿಣ್ ಟಿಣ್ ಎಂದು ಹೊಡೆದುಕೊಳ್ಳುತ್ತಲೇ ಇರುತ್ತಿತ್ತು.

"ಬೆಲ್ಟ್ ಹಾಕ್ಕೊಳ್ಳೋ, ಕತ್ತೆ."

"ನೀನ್ ಓಡ್ಸೋ ಸ್ಪೀಡಿಗೆ ಬೆಲ್ಟ್ ಯಾಕಕ್ಕಾ? ವಾಕಿಂಗ್ ಹೋಗೋರು ಬೆಲ್ಟ್ ಹಾಕ್ತಾರಾ?"

ಊರಿಗೆಲ್ಲ ಈ ಜಗಳ ಬಾಯಿಪಾಠವಾಗಿತ್ತು.

ಒಂದು ಬೇಸಿಗೆಯಲ್ಲಿ ಡ್ವೇನ್ ಕ್ಷೌರದ ಕುರ್ಚಿಯಲ್ಲಿ ಕೂತಲ್ಲೇ ಹೃದಯ ನಿಂತು ತೀರಿಕೊಂಡ. ನಮ್ಮಲ್ಲಿ ಕಾರಿನ ಹುಚ್ಚಿನವರು ಸತ್ತರೆ ಸ್ಮಶಾನದ ಗೇಟಿನ ಹೊರಗೆ ಅವರದೇ ಕಾರನ್ನು ತಂದು ನಿಲ್ಲಿಸುತ್ತಾರೆ. ಬ್ರೇಕು ಒತ್ತಿ ಹಿಡಿದು, ಹಿಂದಿನ ಚಕ್ರಗಳನ್ನು ನಿಂತಲ್ಲೇ ಗಿರಗಿರ ತಿರುಗಿಸಿ, ರಬ್ಬರು ಸುಟ್ಟು ಬೆಳ್ಳಗೆ ಹೊಗೆ ಏಳುವಂತೆ ಮಾಡುತ್ತಾರೆ. ಸತ್ತವನು ಆ ಹೊಗೆಯಲ್ಲಿ ಹೊರಟ ಅಂತ ಲೆಕ್ಕ. ಡ್ವೇನನ ಗೆಳೆಯ ಬಾಯ್ಡ್ ಕೀಲಿ ಕೇಳಲು ಬಂದಾಗ ಲೊರೇನ್ ಕೊಡಲಿಲ್ಲ. "ಒಳ್ಳೇ ಟೈರ್ ಸುಟ್ಟು ಹಾಳ್ಮಾಡೋಕೆ ತಲೆ ಕೆಟ್ಟಿದ್ಯಾ ನಿಂಗೆ?" ಎಂದು ಎಲ್ಲರೆದುರು ಗದರಿ ಕಳಿಸಿದಳು. ಕೀಲಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು.

ಆ ಹಿಮಗಾಲಕ್ಕೆ ಮೊದಲು ಅವಳು ಕಪ್ಪು ಕಾರನ್ನು ನನ್ನ ಅಂಗಡಿಗೆ ತಂದಳು. ಹಿಂದಿನ ಎರಡು ಟೈರು ಬೋಳಾಗಿದ್ದವು. ಬದುಕಿದ್ದಾಗ ಡ್ವೇನ್ ಮಾಡಿದ ಕೆಲಸವೇ ಎಂದುಕೊಂಡೆ.

"ಈ ಕಾರಿಗೆ ಮೆತ್ತನೆ ರಬ್ಬರಿನದು ಹಾಕಿದ್ರೆ ರಸ್ತೆ ಕಚ್ಚಿ ಹಿಡಿಯುತ್ತೆ, ಆದ್ರೆ ಬೇಗ ಸವೆಯುತ್ತೆ, ಚಳೀಲಿ ಬಿರುಕೂ ಬಿಡುತ್ತೆ. ಎಲ್ಲಾ ಕಾಲಕ್ಕೂ ಆಗೋದು ನಡುವಿನ ಜಾತಿ. ಗಟ್ಟಿದು ಇದ್ಯಲ್ಲ..."

"ಜಾಸ್ತಿ ದಿನ ಬಾಳೋದು ಯಾವ್ದು?"

"ಗಟ್ಟಿದೇ. ಆದ್ರೆ ಇಷ್ಟು ದೊಡ್ಡ ಕಾರಿನ ಭಾರ ತಡೆಯೋ ಗಟ್ಟಿ ಟೈರು ಸದ್ಯಕ್ಕೆ ನನ್ನತ್ರ ಇಲ್ಲ ಕಣೇ. ನಡುವಿನದು ಹಾಕ್ತೀನಿ."

ಹಾಕಿದೆ. ಅವಳು ಕಾರನ್ನು ಮನೆಗೊಯ್ದು, ಬಟ್ಟೆ ಹೊದಿಸಿ, ಗ್ಯಾರೇಜಿಗೆ ಬೀಗ ಜಡಿದಳು.

ಫೆಬ್ರವರಿಯಲ್ಲಿ ಫೋನು ಬಂತು. "ಒಂದ್ಸಲ ಬಂದು ನೋಡಿ ಹೋಗು" ಎಂದಳು, ಬೇರೇನೂ ಹೇಳಲಿಲ್ಲ. ಬೆಳಗಿನ ಬಿಸಿಲಿತ್ತು, ಆದರೆ ಗ್ಯಾರೇಜಿನ ಕಿಟಕಿಗೆ ಒಳಗಿನಿಂದಲೂ ಮಂಜು ಹೆಪ್ಪುಗಟ್ಟಿತ್ತು. ಬಾಗಿಲ ಮುಂದೆ ಮೊಣಕಾಲೆತ್ತರ ಹಿಮ, ಅದರ ಮೇಲೆ ಅವಳ ಬೂಟಿನ ಗುರುತು ಬಿಟ್ಟರೆ ಮೊಲದ ಹೆಜ್ಜೆಯೂ ಇಲ್ಲ. ಒಳಗೆ ಹೋದೊಡನೆ ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಹೊದಿಕೆ ಸರಿಸಿದೆ. ನಾನೇ ಕೈಯಾರೆ ಹಾಕಿದ ಹಿಂದಿನ ಟೈರುಗಳು ಸವೆದು ಒಳಗಿನ ತಂತಿ ಕಾಣುತ್ತಿತ್ತು. ಮುಂದಿನವು ಇದ್ದಂತೆಯೇ ಇದ್ದವು. ಮೀಟರು ನೋಡಿದರೆ ನನ್ನ ಅಂಗಡಿಯಿಂದ ಅವಳ ಮನೆಗೆ ಎಷ್ಟು ದೂರವೋ ಅಷ್ಟೇ ಓಡಿತ್ತು. ನೆಲದ ಮೇಲೆ ಒಂದು ಕಪ್ಪು ಗೀರೂ ಇಲ್ಲ. ನಾನು ಬಗ್ಗಿ ಟೈರಿನ ಮೇಲೆ ಕೈಯಿಟ್ಟೆ. ಈಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡಿನಷ್ಟು ಬೆಚ್ಚಗಿತ್ತು.

ಕೈ ಹಿಂದಕ್ಕೆಳೆದುಕೊಂಡೆ. ದೆವ್ವ ಭೂತ ಎಂದವರನ್ನು ಜೀವಮಾನವಿಡೀ ಗೇಲಿ ಮಾಡಿದವನು ನಾನು. ಆ ದಿನ ಹೆದರಿದೆ, ಸುಳ್ಳು ಹೇಳುವುದಿಲ್ಲ.

"ಬಾಯ್ಡ್ ಏನಾದ್ರೂ ಕದ್ದು..." ಎಂದೆ.

"ಬಾಯ್ಡ್ ಕ್ರಿಸ್ಮಸ್‌ನಿಂದ ಫ್ಲಾರಿಡಾದಲ್ಲಿ ಮಗಳ ಮನೇಲಿದಾನೆ. ಕೀಲಿ ಇಲ್ಲಿದೆ ನೋಡು" ಎಂದು ಲೊರೇನ್ ಕೊರಳ ದಾರ ಎತ್ತಿ ತೋರಿಸಿದಳು. "ಗಟ್ಟಿ ಟೈರು ತರಿಸ್ಕೊಡು. ಎಲ್ಲಕ್ಕಿಂತ ಗಟ್ಟಿದು."

ದೂರದ ಊರಿನಿಂದ ತರಿಸಿದೆ. ಬಂಡೆಯಂಥ ರಬ್ಬರು. ಮೇ ತಿಂಗಳಲ್ಲಿ ಲಿಲಾಕ್ ಹೂ ಅರಳುವ ಹೊತ್ತಿಗೆ ಅದೂ ಬೋಳಾಯಿತು.

ಈ ಸಲ ಅವಳು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಮುಖ ಇಳಿದುಹೋಗಿತ್ತು. "ಇದಕ್ಕಿಂತ ಗಟ್ಟಿದು ಬರುತ್ತಾ?" ಎಂದಳು.

ನನಗೆ ರೇಗಿತು. "ಲಾರಿ ಟೈರ್ ಹಾಕ್ಲಾ? ಟ್ರ್ಯಾಕ್ಟರ್‌ದು? ಅವ್ನು ಅದನ್ನೂ ಸುಟ್ಟು ಹಾಕ್ತಾನೆ ಕಣೇ. ನಿಂತಲ್ಲೇ ನಿಂತು ಹಿಂದಿನ ಟೈರು ಮಾತ್ರ ಹೇಗೆ ಸವೆಯುತ್ತೆ ಅಂತ ನಿಂಗೊತ್ತಿಲ್ವಾ? ನೀನು ಮಾಡೋಕೆ ಬಿಡ್ಲಿಲ್ಲ, ಅದಕ್ಕೇ ಅವ್ನೇ ಮಾಡ್ಕೊಳ್ತಿದಾನೆ. ಹೊಗೆ ಏಳ್ತಿಲ್ಲ, ಹೋಗೋಕೆ ಆಗ್ತಿಲ್ಲ."

ಅವಳು ಸ್ಟೂಲಿನಿಂದ ಏಳಲು ಹೋಗಿ ಮತ್ತೆ ಕೂತಳು. ಆಮೇಲೆ ಅಳು ತಡೆದುಕೊಂಡು ಹೇಳಿದಳು, "ಟೈರು ಹಾಳಾಗುತ್ತೆ ಅಂತಲ್ಲ ಕಣೋ ನಾನು ಕೀಲಿ ಕೊಡ್ದೇ ಇದ್ದಿದ್ದು. ಹೊಗೆ ಎದ್ರೆ ಅವ್ನು ಹೋಗ್ಬಿಡ್ತಾನಲ್ಲ. ಮನೇಲಿ ಇನ್ಯಾರಿದಾರೆ ನಂಗೆ? ಆ ವಾಸನೆ ಬಂದಾಗೆಲ್ಲ, ಅಬ್ಬಾ, ಇನ್ನೂ ಇದಾನೆ ಅನ್ಕೋತಿದ್ದೆ."

ಕಾಫಿ ಬಗ್ಗಿಸಿ ಕೊಟ್ಟೆ. ಅವಳು ಲೋಟ ಹಿಡಿದುಕೊಂಡು ಗೋಡೆಗೆ ಜೋಡಿಸಿದ್ದ ಟೈರುಗಳನ್ನು ಒಂದೊಂದಾಗಿ ನೋಡಿದಳು, ಎದ್ದು ಹೋಗಿ ಒಂದರ ಮೇಲೆ ಉಗುರು ಊರಿ ನೋಡಿದಳು.

"ಇದ್ರಲ್ಲಿ ಜಾಸ್ತಿ ಹೊಗೆ ಬರೋದು ಯಾವ್ದು?" ಎಂದು ಕೇಳಿದಳು.

ನಾನು ಅತಿ ಮೆತ್ತನೆಯ ಜೊತೆಯನ್ನು ಇಳಿಸಿದೆ.

ಭಾನುವಾರ ಚರ್ಚು ಮುಗಿದ ಮೇಲೆ ಸ್ಮಶಾನದ ಗೇಟಿನ ಹೊರಗೆ ಡ್ವೇನನ ಗೆಳೆಯರು ಸೇರಿದರು. ಫ್ಲಾರಿಡಾದಿಂದ ವಾಪಸ್ಸಾಗಿದ್ದ ಬಾಯ್ಡ್ ತಾನು ಮಾಡುತ್ತೇನೆಂದು ಕೀಲಿಗೆ ಕೈ ಚಾಚಿದ. ಲೊರೇನ್ ಅವನನ್ನು ಆಚೆ ಸರಿಸಿ ತಾನೇ ಕೂತಳು. ನಾನು ಅವಳ ಕಿಟಕಿಯ ಪಕ್ಕ ನಿಂತೆ. "ಎಡಗಾಲು ಬ್ರೇಕ್ ಮೇಲೆ, ಬಲಗಾಲು ಪೂರ್ತಿ ಒತ್ತು" ಎಂದು ಬಾಯ್ಡ್ ಕೂಗಿದ. ಅವಳು ಎಂಜಿನ್ ಶುರು ಮಾಡಿದಳು.

ಟಿಣ್. ಟಿಣ್. ಟಿಣ್.

ಅವಳು ಬೆಲ್ಟ್ ಹಾಕಿದ್ದಳು. ಗಂಟೆ ಪಕ್ಕದ ಸೀಟಿನದು. ಆ ಸೀಟಿನಲ್ಲಿ ಯಾರೂ ಇರಲಿಲ್ಲ, ಆದರೆ ಅದರ ಚರ್ಮ ಭಾರಕ್ಕೆ ಕುಗ್ಗಿದಂತೆ ತಗ್ಗಾಗಿತ್ತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಲೊರೇನ್ ಮಾತ್ರ ಅತ್ತ ತಿರುಗಿ, ಪ್ರತಿ ಶುಕ್ರವಾರದ ಅದೇ ದನಿಯಲ್ಲಿ, "ಬೆಲ್ಟ್ ಹಾಕ್ಕೊಳ್ಳೋ, ಕತ್ತೆ" ಎಂದಳು. ಆಮೇಲೆ ಬಲಗಾಲು ಊರಿದಳು.

ಜೀವಮಾನದಲ್ಲಿ ಜೋರಾಗಿ ಓಡಿಸದವಳು ಎಬ್ಬಿಸಿದ ಹೊಗೆ ಅದು. ಗೇಟು ಕಾಣಲಿಲ್ಲ, ಮೇಪಲ್ ಮರಗಳು ಕಾಣಲಿಲ್ಲ, ಪಕ್ಕದಲ್ಲಿದ್ದ ಬಾಯ್ಡ್ ಕಾಣಲಿಲ್ಲ. ಆ ಗದ್ದಲದೊಳಗೂ ಗಂಟೆ ನನಗೆ ಕೇಳುತ್ತಲೇ ಇತ್ತು. ಟೈರೊಂದು ಢಬ್ಬೆಂದು ಒಡೆಯಿತು. ಅವಳು ಕಾಲು ತೆಗೆದಳು. ಗಂಟೆ ನಿಂತಿತ್ತು. ಪಕ್ಕದ ಸೀಟಿನ ಬೆಲ್ಟ್ ಮೊದಲಿನಂತೆ ಸಿಕ್ಕಿಸದೆ ತೂಗುತ್ತಲೇ ಇತ್ತು. ಸೀಟಿನ ತಗ್ಗು ನನ್ನ ಕಣ್ಣೆದುರಿಗೇ ಮೆಲ್ಲಗೆ ಮೇಲೆದ್ದು ಸಮನಾಯಿತು.

ಆಮೇಲೆ ಹಾಕಿದ ಟೈರು ಎರಡು ವರ್ಷವಾದರೂ ಬೋಳಾಗಿಲ್ಲ. ಗ್ಯಾರೇಜಿನಲ್ಲಿ ವಾಸನೆಯಿಲ್ಲ. ಲೊರೇನ್ ಈಗ ಎಲ್ಲಿಗೆ ಹೋದರೂ ಕಪ್ಪು ಕಾರಿನಲ್ಲೇ, ಅದೇ ಆಮೆವೇಗದಲ್ಲಿ.

ಮೊನ್ನೆ ಶುಕ್ರವಾರ ನನ್ನ ಕಾರು ಕೆಟ್ಟಿತ್ತು, ಮೀನಿನ ಊಟಕ್ಕೆ ಅವಳು ಕರೆದೊಯ್ದಳು. ಮುಂದೆ ಹತ್ತಲು ಹೋದರೆ ಸೀಟಿನ ಮೇಲೆ ದೊಡ್ಡ ಆಲೂಗಡ್ಡೆ ಮೂಟೆ. "ಹಿಂದೆ ಕೂತ್ಕೋ" ಎಂದಳು. ಕಾರು ಹೊರಟಿತು, ಗಂಟೆ ಟಿಣ್ ಟಿಣ್ ಎಂದು ಶುರುವಾಯಿತು. ತಡೆಯಲಾರದೆ ನಾನು ಹಿಂದಿನಿಂದ ಕೈ ಚಾಚಿ ಮೂಟೆಗೆ ಬೆಲ್ಟ್ ಎಳೆಯಲು ಹೋದೆ.

"ಬೇಡ, ಬಿಡು" ಎಂದಳು ಲೊರೇನ್, ರಸ್ತೆಯಿಂದ ಕಣ್ಣು ತೆಗೆಯದೆ. "ಗಂಟೆ ಇನ್ನೊಂಚೂರು ಹೊಡ್ಕೊಳ್ಲಿ."