ಓಲಿಂಟೊನ ಏಳು ಮೀಟರಿನ ಆಂಟೆನಾ

ಓಲಿಂಟೊ ಮೂವತ್ತೆಂಟು ವರ್ಷ ಅಂಚೆ ಹಂಚಿದ ಮನುಷ್ಯ. ಪೋ ನದಿ ಸಮುದ್ರ ಸೇರುವ ಆ ಚಪ್ಪಟೆ ಸೀಮೆಯಲ್ಲಿ ಒಂದು ಏರಿಯಿಂದ ಇನ್ನೊಂದು ಏರಿಗೆ ಸೈಕಲ್ ತುಳಿದವನು, ಒಬ್ಬರ ಕವರನ್ನಾದರೂ ಬೆಳಕಿಗೆ ಹಿಡಿದು ನೋಡಿದವನಲ್ಲ. ಹಾಗಂತ ಅವನೇ ಹೇಳುತ್ತಿದ್ದ, ಕೇಳಿದವರಿಗೂ ಕೇಳದವರಿಗೂ. ಪ್ರಾಮಾಣಿಕತೆ ಒಳ್ಳೆಯದೇ, ಇಲ್ಲ ಅಂದವರು ಯಾರು? ಆದರೆ ಅದನ್ನು ದಿನಾ ಇಸ್ತ್ರಿ ಮಾಡಿ ತೊಟ್ಟುಕೊಂಡು ತಿರುಗುವವನ ಜೊತೆ ಸಂಸಾರ ಮಾಡುವುದು ಸುಲಭವಲ್ಲ. ಬೇಕಾದರೆ ಅವನ ಹೆಂಡತಿ ನೊರ್ಮಾಳನ್ನು ಕೇಳಿ.

ನಿವೃತ್ತನಾದ ಮೇಲೆ ಅವನ ಬದುಕೆಲ್ಲ ಅಡುಗೆಮನೆ ಪಕ್ಕದ ಕೋಣೆಯ ಸಿಬಿ ರೇಡಿಯೊದ ಮುಂದೆ, ಮನೆಯಿಂದ ಮನೆಗೆ ಮಾತಾಡುವ ಯಂತ್ರ ಅದು. ಸಂಜೆ ಆರಕ್ಕೆ ಸರಿಯಾಗಿ 'ಚಕ್ರ' ಶುರುವಾಗುತ್ತಿತ್ತು. ಚಕ್ರವೆಂದರೆ ಮತ್ತೇನಲ್ಲ, ಅವರವರ ಮನೆಯಲ್ಲಿ ಕೂತು ಸರದಿ ಪ್ರಕಾರ ರೇಡಿಯೊದಲ್ಲಿ ಮಾತಾಡುವುದು. ತನ್ನ ಮಾತು ಮುಗಿದ ಮೇಲೆ ಮುಂದಿನವನ ಹೆಸರು ಹಿಡಿದು ಕರೆದು ಮೈಕು ದಾಟಿಸಬೇಕು, ಅದು ಮರ್ಯಾದೆ. ಹೆಸರೆಂದರೆ ಗಾಳಿಯಲ್ಲಿ ಇಟ್ಟುಕೊಂಡ ಅಡ್ಡಹೆಸರು. ಬ್ರೆಡ್ಡಿನಂಗಡಿಯ ಲೂಚಿಲ್ಲಾ 'ಮೆಣಸಿನಕಾಯಿ'. ಅವಳಾದ ಮೇಲೆ ನಮ್ಮ ಓಲಿಂಟೊ, 'ಕೊಕ್ಕರೆ'. ಅವನಾದ ಮೇಲೆ ಹೊಳೆಯಾಚೆ ದೋಣಿ ರಿಪೇರಿ ಮಾಡುವ ಎರ್ಮೆಸ್, 'ಬಿರುಗಾಳಿ'. ಮಾತು ಶುರು ಮಾಡುವ ಮೊದಲು ಹಿಂದಿನವರ ದನಿಗೆ ಅಂಕ ಕೊಡಬೇಕು. ಸ್ಪಷ್ಟವಾಗಿದ್ದರೆ ರೇಡಿಯೊ ಐದು, ಜೋರಾಗಿದ್ದರೆ ಸಂತಿಯಾಗೊ ಒಂಬತ್ತು. ಜೋರಿನ ಅಂಕಕ್ಕೆ ಆ ಸಂತನ ಹೆಸರು ಯಾಕೆ ಅಂಟಿತೋ ಯಾರಿಗೂ ಗೊತ್ತಿಲ್ಲ.

"ರೇಡಿಯೊ ಐದು, ಸಂತಿಯಾಗೊ ಒಂಬತ್ತು. ಗಂಟೆ ಹೊಡೆದ ಹಾಗೆ ಬರ್ತಿದೀಯ ಕೊಕ್ಕರೆ."

ಎಂಟು ವರ್ಷ, ಹೆಚ್ಚುಕಮ್ಮಿ ಪ್ರತಿ ಸಂಜೆ, ಓಲಿಂಟೊಗೆ ಸಿಕ್ಕಿದ್ದು ಇದೇ ಪೂರ್ತಿ ಅಂಕ. ಬೇರೆಯವರೆಲ್ಲ ಮೇಜಿನ ಕೆಳಗೆ ದನಿ ಜೋರು ಮಾಡುವ ಕಳ್ಳಪೆಟ್ಟಿಗೆ ಇಟ್ಟುಕೊಂಡಿದ್ದಾರೆಂದು ಅವನಿಗೆ ಗೊತ್ತಿತ್ತು. ತಾನು ಮಾತ್ರ ಕಾನೂನು ಹೇಳಿದಷ್ಟೇ ನಾಲ್ಕು ವಾಟ್ ಇಟ್ಟುಕೊಂಡು ಅವರ ಸಮಕ್ಕೆ ನಿಂತಿದ್ದೇನಲ್ಲ ಅಂತ ಎದೆಯುಬ್ಬಿಸಿ, ಏಳಕ್ಕೆ ಸರಿಯಾಗಿ ಎಲ್ಲರಿಗೂ ನಮಸ್ಕಾರ ಹೇಳಿ, ರೇಡಿಯೊ ಆರಿಸಿ ಊಟಕ್ಕೆ ಏಳುತ್ತಿದ್ದ. ಒಂದು ದಿನವೂ ಒಂದು ನಿಮಿಷ ಹೆಚ್ಚು ಕೂತವನಲ್ಲ. ಯಾಕೆಂದರೆ ಆ ಜನರಲ್ಲಿ ಇನ್ನೊಂದು ಚಾಳಿ ಇದೆ: ಹೊರಟೆ ಅಂತ ಹೇಳಿ, ಹೊರಡದೆ, ತನ್ನ ಬೆನ್ನ ಹಿಂದೆ ಏನು ಮಾತಾಡುತ್ತಾರೆಂದು ಸುಮ್ಮನೆ ಕಿವಿಗೊಟ್ಟು ಕೂರುವುದು. 'ಎದುರು ಕ್ಷೌರ' ಅಂತ ಅದರ ಹೆಸರು, ಕೂದಲಿಗೆ ಎದುರಾಗಿ ಕತ್ತಿ ಎಳೆದ ಹಾಗೆ. ಎಲ್ಲರೂ ಮಾಡುತ್ತಾರೆ, ಯಾರೂ ಒಪ್ಪುವುದಿಲ್ಲ. ಓಲಿಂಟೊಗೆ ಅದು ಬೇರೆಯವರ ಕವರು ಒಡೆದು ಓದಿದಷ್ಟೇ ಹೇಸಿಗೆ. ಈ ವಿಷಯದ ಮೇಲೆ ಅವನು ಚಕ್ರದಲ್ಲಿ ಎಷ್ಟೋ ಸಲ ಉಪದೇಶ ಮಾಡಿದ್ದ.

ಎರ್ಮೆಸ್ ಮತ್ತು ಅವನು ಶಾಲೆಯಲ್ಲಿ ಒಂದೇ ಬೆಂಚಿನವರು. ಭಾನುವಾರ ಮಧ್ಯಾಹ್ನ ಎರ್ಮೆಸ್‌ನ ದೋಣಿ ಕೊಟ್ಟಿಗೆಯಲ್ಲಿ ಇಸ್ಪೀಟು, ಒಂದು ಬಾಟಲಿ ವೈನು, ಹುರಿದ ಹಾವುಮೀನು. ಐವತ್ತು ವರ್ಷ ನಡೆದುಕೊಂಡು ಬಂದದ್ದು ಮೂರು ವರ್ಷದ ಹಿಂದೆ ಒಂದು ನವೆಂಬರ್ ಸಂಜೆ ಮುರಿದುಬಿತ್ತು.

ಅದರ ಮಾರನೇ ದಿನ ಪಾದುವಾದ ಆಸ್ಪತ್ರೆಯಲ್ಲಿ ನೊರ್ಮಾಳ ಹೊಟ್ಟೆಯ ಆಪರೇಷನ್ ಇತ್ತು. "ಊರಿಗೆಲ್ಲ ಸಾರಬೇಡ, ತಂಗಿ ಮನೆಗೆ ಹೋಗಿದಾಳೆ ಅನ್ನು" ಅಂತ ಹೇಳಿ ಹೋಗಿದ್ದಳು. ಡಾಕ್ಟರು ಇವನ ಮುಖ ನೋಡದೆ ಮಾತಾಡಿದ್ದರು. ಒಬ್ಬನೇ ಮನೆಯಲ್ಲಿ ಕೂತಿದ್ದ ಓಲಿಂಟೊಗೆ ತಡೆಯಲಾಗಲಿಲ್ಲ. ತನ್ನ ಸರದಿ ಬಂದಾಗ ಎಲ್ಲ ಹೇಳಿಬಿಟ್ಟ. ಗಡ್ಡೆ, ಡಾಕ್ಟರು, ತನ್ನ ಹೆದರಿಕೆ, ಅವಳಿಲ್ಲದೆ ಹಾಸಿಗೆಯಲ್ಲಿ ನಿದ್ದೆ ಬರದಿದ್ದದ್ದು. ಆಮೇಲೆ ಮೈಕು ಬಿರುಗಾಳಿಗೆ ದಾಟಿಸಿದ.

"ಸಂತಿಯಾಗೊ ಒಂಬತ್ತು, ಭೇಷ್ ಕೊಕ್ಕರೆ," ಅಂದ ಎರ್ಮೆಸ್ ನಗುನಗುತ್ತ. "ಶುಭಾಶಯ ಕಣೋ. ಊಟಕ್ಕೆ ನಮ್ಮನ್ನೂ ಕರೀಬೇಕು ಮತ್ತೆ."

ಓಲಿಂಟೊ ರೇಡಿಯೊದ ವೈರನ್ನೇ ಕಿತ್ತುಹಾಕಿದ. ನೊರ್ಮಾ ಬದುಕಿ ಬಂದಳು, ದೇವರು ದೊಡ್ಡವನು. ಅವಳಿಗೆ ಈ ಮಾತು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಎರ್ಮೆಸ್ ಎರಡು ಸಲ ಮನೆಗೆ ಬಂದ, ಓಲಿಂಟೊ ಕಿಟಕಿಯಿಂದಲೇ ಮಾತಾಡಿಸಿ ಕಳಿಸಿದ. ಮೂರನೇ ಸಲ ಅವನೂ ಬರಲಿಲ್ಲ. ಒಂದು ವಾರ ಕಳೆದು ಓಲಿಂಟೊ ಚಕ್ರಕ್ಕೇನೋ ಮರಳಿದ, ಸಂಜೆಗಳು ಕಳೆಯಬೇಕಲ್ಲ. ಆದರೆ ಅಂದಿನಿಂದ ಮೈಕು ದಾಟಿಸುವಾಗ ಬಿರುಗಾಳಿ ಅನ್ನುತ್ತಿರಲಿಲ್ಲ. "ಮುಂದಿನವರಿಗೆ" ಅನ್ನುತ್ತಿದ್ದ, ಅಷ್ಟೆ. ಎದುರು ಕೂತು ಉಂಡು ಮುಖ ನೋಡದಿದ್ದ ಹಾಗೆ.

ಹೀಗಿರುವಾಗ ಕೈಗೆ ಬಂತು ರೇಡಿಯೊ ಅಂಗಡಿಯ ಒಂದು ಬಣ್ಣದ ಪುಸ್ತಕ, ಅದರಲ್ಲಿ ಆ ಆಂಟೆನಾ. ಕೊಳವೆಗಳನ್ನು ಜೋಡಿಸಿದರೆ ಏಳು ಮೀಟರು ಎತ್ತರ, ಉಪ್ಪುಗಾಳಿಗೆ ತುಕ್ಕು ಹಿಡಿಯದ ಅಲ್ಯುಮಿನಿಯಮ್ಮು, ಬೆಲೆ ಮುನ್ನೂರ ಎಂಬತ್ತು ಯೂರೊ. ಇದನ್ನು ಹಾಕಿದರೆ ದಕ್ಷಿಣಕ್ಕೆ ರಾವೆನ್ನಾ ಕಡೆಯ ಚಕ್ರಗಳೂ ಸಿಗುತ್ತವೆ ಅಂತ ಓಲಿಂಟೊ ಲೆಕ್ಕ ಹಾಕಿದ. ಅಲ್ಲಿ ಹೊಸ ಜನ, ಹೊಸ ಸರದಿ. ಎರ್ಮೆಸ್‌ನ ದನಿ ಕೇಳುವ ಕರ್ಮ ಇರುವುದಿಲ್ಲ. ಅವನು ಕೊಳ್ಳಲು ಹೊರಟಿದ್ದದ್ದು ಆಂಟೆನಾ ಅಲ್ಲ ಅಂತ ನೊರ್ಮಾಗೆ ಅರ್ಥವಾಗಿತ್ತು, ಆದರೆ ಕಾರಣ ಗೊತ್ತಿರಲಿಲ್ಲ.

"ಇರೋ ಗೆಳೆಯನ ಹತ್ರ ಮಾತಾಡಕ್ಕೆ ಖರ್ಚಿಲ್ಲ," ಅಂದಳು. "ಗುರುತಿಲ್ಲದವರ ಹತ್ರ ಮಾತಾಡಕ್ಕೆ ಮುನ್ನೂರ ಎಂಬತ್ತಾ?"

ಬ್ರೆಡ್ಡು ತರಲು ಹೋದಾಗ ಲೂಚಿಲ್ಲಾಳನ್ನೂ ಕೇಳಿದ. ಅವಳು ಯಾಕೋ ಬ್ರೆಡ್ಡು ಸುತ್ತುತ್ತ ತಲೆಯೆತ್ತಲೇ ಇಲ್ಲ. "ಯಾಕೆ ಸುಮ್ನೆ ದುಡ್ಡು ದಂಡ? ನಿಂದು ಗಂಟೆ ಹೊಡೆದ ಹಾಗೆ ಬರ್ತದಲ್ಲ." ಅವಳೇ ಸುದ್ದಿ ಮುಟ್ಟಿಸಿರಬೇಕು, ಅವತ್ತು ಸಂಜೆ ಎರ್ಮೆಸ್ ಕೂಡ ಚಕ್ರದಲ್ಲಿ, "ಹೊಸ ಆಂಟೆನಾ ಎಲ್ಲ ಬೇಡ ಕೊಕ್ಕರೆ, ಹಳೇದು ಚಿನ್ನದಂಥದ್ದು" ಅಂದ. ಓಲಿಂಟೊಗೆ ಅನುಮಾನವೇ ಉಳಿಯಲಿಲ್ಲ. ಹೊಟ್ಟೆಕಿಚ್ಚು, ಮತ್ತೇನು?

ರೊವಿಗೊದ ಅಂಗಡಿಯವನು ಹದಿನಾಲ್ಕು ದಿನ ಟೈಮು ಕೊಟ್ಟ. ಹಿಡಿಸದಿದ್ದರೆ ವಾಪಸ್ ತರಬಹುದು, ಆದರೆ ರಟ್ಟಿನ ಪೆಟ್ಟಿಗೆ ಬಂದ ಹಾಗೇ ಇರಬೇಕು, ಪೆಟ್ಟಿಗೆಯಿಲ್ಲದೆ ತೆಗೆದುಕೊಳ್ಳುವುದಿಲ್ಲ. ಓಲಿಂಟೊ ಪೆಟ್ಟಿಗೆಯನ್ನು ಕಂಬಳಿ ಹೊದಿಸಿ ಬೀರುವಿನ ಮೇಲೆ ಮಲಗಿಸಿ, ಮಾಡು ಹತ್ತಿದ. ಕೆಳಗೆ ಹಗ್ಗ ಹಿಡಿದು ನಿಂತವಳು ನೊರ್ಮಾ.

"ಬಿದ್ರೆ ಯಾರನ್ನ ಹಿಡೀಲಿ, ಆಂಟೆನಾನೋ, ನಿನ್ನನ್ನೋ? ಈಗಲೇ ಹೇಳ್ಬಿಡು."

"ಆಂಟೆನಾನ. ಗೀರು ಬಿದ್ರೆ ವಾಪಸ್ ತಗೊಳಲ್ಲ."

ಹೊಸದು ಹಾಕಲು ಹಳೇ ಕೇಬಲ್ಲನ್ನು ಬಿಚ್ಚಿದಾಗ ಅದರ ಒಳಗಿನಿಂದ ನೀರು ತೊಟತೊಟ ಸುರಿಯಿತು. ಎಷ್ಟು ವರ್ಷದ ಮಂಜೋ. ಓಲಿಂಟೊ ಕರವಸ್ತ್ರದಲ್ಲಿ ಕೈ ಒರೆಸಿಕೊಂಡ, ಅದರ ಬಗ್ಗೆ ಯೋಚಿಸುವ ಗೋಜಿಗೇ ಹೋಗಲಿಲ್ಲ.

ಸಂಜೆ ಯಾರಿಗೂ ಏನೂ ಹೇಳದೆ ಚಕ್ರಕ್ಕೆ ಕೂತ. ರಾವೆನ್ನಾದ ಚಕ್ರಕ್ಕೆ ನಾಳೆ ಹೋದರಾಯಿತು, ಮೊದಲು ಇವರ ಹೊಟ್ಟೆ ಉರಿಯಲಿ ಅಂತ. ತನ್ನ ಸರದಿಯಲ್ಲಿ ದಿನದ ಸುದ್ದಿ ಹೇಳಿದ. ನೊರ್ಮಾಳ ಆಪರೇಷನ್ ಆಗಿ ಮೂರು ವರ್ಷ ಆಯಿತು, ಮೊನ್ನೆ ಪಾದುವಾದಲ್ಲಿ ತೋರಿಸಿದೆವು, ಗಡ್ಡೆಯ ಸುಳಿವೇ ಇಲ್ಲವಂತೆ, ಇನ್ನು ವರ್ಷಕ್ಕೊಂದು ಸಲ ಹೋದರೆ ಸಾಕಂತೆ. ಆಮೇಲೆ ಹಾವುಮೀನಿನ ಚರ್ಮ ಸುಲಿಯುವುದರ ಬಗ್ಗೆ ಹತ್ತು ನಿಮಿಷ. "ಮುಂದಿನವರಿಗೆ."

ಹೊಳೆಯಾಚೆ ಮೈಕಿನ ಗುಂಡಿ ಎರಡು ಸಲ ಒತ್ತಿ ಬಿಟ್ಟ ಸದ್ದು ಬಂತು.

"ರೇಡಿಯೊ ಐದು," ಅಂದ ಎರ್ಮೆಸ್ ಕೊನೆಗೆ, ಸಣ್ಣ ದನಿಯಲ್ಲಿ. "ಸಂತಿಯಾಗೊ ಒಂಬತ್ತು. ಯಾವತ್ತಿನ ಹಾಗೇ." ಅಷ್ಟು ಹೇಳಿ ಮೈಕು ದಾಟಿಸಿಬಿಟ್ಟ. ಲೂಚಿಲ್ಲಾಳೂ ಅಷ್ಟೇ ಅಂದಳು.

ಓಲಿಂಟೊಗೆ ಪಿತ್ತ ನೆತ್ತಿಗೇರಿತು. ಮುನ್ನೂರ ಎಂಬತ್ತು ಸುರಿದು, ಮಾಡು ಹತ್ತಿ, ಸಿಕ್ಕಿದ್ದು ನಿನ್ನೆಯದೇ ಅಂಕ. ಒಂದೋ ಆಂಟೆನಾ ದಂಡ, ಇಲ್ಲವೋ ಇವರು ಬೇಕಂತಲೇ ಬಾಯಿ ಬಿಡುತ್ತಿಲ್ಲ. ಗೊತ್ತಾಗಬೇಕಾದರೆ ದಾರಿ ಒಂದೇ. ಏಳು ಗಂಟೆಗೆ ಎಲ್ಲರಿಗೂ ನಮಸ್ಕಾರ ಹೇಳಿದ. ಹೇಳಿ, ಜೀವನದಲ್ಲಿ ಮೊದಲ ಸಲ, ರೇಡಿಯೊ ಆರಿಸಲಿಲ್ಲ. ಕಳ್ಳನ ಹಾಗೆ ಕುರ್ಚಿಯನ್ನು ರೇಡಿಯೊ ಹತ್ತಿರ ಎಳೆದುಕೊಂಡ.

"ಹೋದನಾ?" ಲೂಚಿಲ್ಲಾಳ ದನಿ.

"ಹೋದ. ಅವನು ಕದ್ದು ಕೇಳೋನಲ್ಲ." ಇದು ಎರ್ಮೆಸ್.

"ಬಿರುಗಾಳಿ, ನಿಂಗೂ ಕೇಳಿಸ್ತಾ? ಪೂರ್ತಿ ಕೇಳಿಸ್ತಲ್ಲೋ ಇವತ್ತು. ಎಂಟು ವರ್ಷದಿಂದ ಬರೀ ಸರಸರ ಸದ್ದಿಗೆ ಸಂತಿಯಾಗೊ ಒಂಬತ್ತು ಕೊಟ್ಕೊಂಡು ಬಂದ್ವಿ."

"ಇನ್ನೇನು ಮಾಡ್ಬೇಕಿತ್ತು? ಮೊದಲ್ನೇ ವರ್ಷ ಒಂದು ಸಲ ಕೇಳಿಸಲ್ಲ ಅಂದಿದ್ದಕ್ಕೆ ನಮ್ಮ ಕಳ್ಳಪೆಟ್ಟಿಗೆ ಮೇಲೆ ತಿಂಗಳುಗಟ್ಟಲೆ ಪ್ರವಚನ ಕೊಟ್ಟ. ಅದಕ್ಕಿಂತ ಒಂಬತ್ತೇ ವಾಸಿ ಅನಿಸ್ತು. ಹೊಸ ಆಂಟೆನಾ ಬಂದ್ರೆ ಆ ಸುಳ್ಳು ಬಯಲಾಗುತ್ತೆ ಅಂತಾನೇ ಬೇಡ ಅಂದಿದ್ದು." ಎರ್ಮೆಸ್ ತಡೆದು ತಡೆದು ಮಾತಾಡುತ್ತಿದ್ದ. "ಮೆಣಸಿನಕಾಯಿ, ನೊರ್ಮಾಗೆ ಆಪರೇಷನ್ ಆಗಿದ್ದು ನಿಂಗೆ ಗೊತ್ತಿತ್ತಾ?"

"ಇಲ್ಲ. ತಂಗಿ ಮನೆಗೆ ಹೋಗಿದಾಳೆ ಅಂತಿದ್ರು."

"ಆ ನವೆಂಬರಲ್ಲಿ ಒಂದಿನ ಕೊಕ್ಕರೆ ಉದ್ದಕ್ಕೆ ಮಾತಾಡಿದ್ದ. ನಂಗೆ ಒಂದಕ್ಷರ ಕೇಳಿಸಿಲ್ಲ. ಅಷ್ಟು ಹೊತ್ತು ಮಾತಾಡಿದಾನೆ ಅಂದ್ರೆ ಏನೋ ಖುಷಿ ಸುದ್ದಿ ಇರ್ಬೇಕು ಅನ್ಕೊಂಡು, ಶುಭಾಶಯ ಕಣೋ, ಊಟಕ್ಕೆ ಕರಿ ಅಂದ್ಬಿಟ್ಟೆ. ಅವತ್ತಿಂದಾನೇ ಅವನು ನನ್ನ ಹೆಸರು ಹೇಳೋದು ಬಿಟ್ಟಿದ್ದು. ಅಯ್ಯೋ ದೇವರೇ, ನಾನು ಏನಂದುಬಿಟ್ಟೆ ಅವನಿಗೆ."

ಹಳೇ ಕೇಬಲ್ಲಿನಿಂದ ಸುರಿದ ನೀರು ಓಲಿಂಟೊಗೆ ಈಗ ನೆನಪಾಯಿತು. ಮೂರು ವರ್ಷ ಹೊಟ್ಟೆಯೊಳಗೆ ಸಾಕಿದ ಸಿಟ್ಟು ಅದು. ಅದಕ್ಕೆ ಬುಡವೇ ಇರಲಿಲ್ಲ. ಬಾಗಿಲಲ್ಲಿ ನೊರ್ಮಾ ಸೌಟು ಹಿಡಿದು ನಿಂತಿದ್ದಳು, ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ ತಳ ಹತ್ತುವ ವಾಸನೆ ಬರುತ್ತಿತ್ತು. ಅವಳೂ ಎಲ್ಲ ಕೇಳಿಸಿಕೊಂಡಿದ್ದಳು.

"ಇದನ್ನಾ ಇಷ್ಟು ದಿನ ನುಂಗಿಕೊಂಡು ಕೂತಿದ್ದೆ? ಮಾತಾಡು ಅವನ ಹತ್ರ."

"ಹೇಗೆ ಮಾತಾಡ್ಲಿ? ಕದ್ದು ಕೇಳ್ತಿದ್ದೆ ಅಂತ ಗೊತ್ತಾಗುತ್ತೆ."

"ಆಗ್ಲಿ ಬಿಡು. ಅವರು ಎಂಟು ವರ್ಷ ಕೇಳದೇನೇ ಕೇಳಿಸ್ತು ಅಂದ್ರು. ನೀನೀಗ ಕೇಳಿಸಿಕೊಂಡು ಕೇಳ್ಲಿಲ್ಲ ಅನ್ನೋಕೆ ಹೊರಟಿದೀಯ."

ಅವನು ಮೈಕು ಎತ್ತಿಕೊಂಡ. ಗುಂಡಿ ಒತ್ತಿದ. ಹೇಳಬೇಕೆಂದಿದ್ದದ್ದು ಎಷ್ಟೋ ಇತ್ತು, ಬಾಯಿಗೆ ಬಂದದ್ದು ಇಷ್ಟೇ.

"ಮೈಕು ಬಿರುಗಾಳಿಗೆ."

ಹೊಳೆಯಾಚೆ ಏನೋ ಬಿದ್ದ ಸದ್ದು. ಕುರ್ಚಿಯಿರಬೇಕು.

"ಕೊಕ್ಕರೆ? ನೀನು ಹೋಗಿರ್ಲಿಲ್ವಾ?"

"ಇಲ್ಲ."

"ಎಲ್ಲಾ ಕೇಳಿಸ್ತಾ?"

"ಕೇಳಿಸ್ತು. ಭಾನುವಾರ ಬರ್ತೀನಿ, ನೊರ್ಮಾನೂ ಬರ್ತಾಳೆ. ಇಸ್ಪೀಟು ಇದೆಯೋ, ಎಸೆದಿದೀಯೋ?"

"ಇದೆ ಕಣೋ, ಅಲ್ಲೇ ಇದೆ, ಮುಟ್ಟೇ ಇಲ್ಲ..." ಮುಂದಿನದು ತೊದಲು. ಮೂಗೊರೆಸಿಕೊಂಡ ಸದ್ದು. "ನನ್ನ ದನಿ ಹೇಗೆ ಬರ್ತಿದೆ, ಹೇಳು."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ ಓಲಿಂಟೊ.

"ರೇಡಿಯೊ ಎರಡು. ಅಳ್ತಾ ಮಾತಾಡಿದ್ರೆ ಯಾವ ಆಂಟೆನಾಗೂ ಹಿಡಿಯಲ್ಲ ಕಣೋ," ಅಂದ. ಅವನ ದನಿಯೂ ಅಷ್ಟೇನೂ ಚೆನ್ನಾಗಿರಲಿಲ್ಲ.

ನೊರ್ಮಾ ಬೀರುವಿನ ಮೇಲಿನ ಕಂಬಳಿ ತೆಗೆದು, ಆ ರಟ್ಟಿನ ಪೆಟ್ಟಿಗೆಯನ್ನು ಇಳಿಸಿ, ಮುರಿದು ಮುರಿದು ಒಲೆಗೆ ಹಾಕಿದಳು.