ಕಾಲಿನ ತೀರ್ಪು ಕೊಟ್ಟ ಗಾಜಿನ ಕೊಳವೆ

ಅತ್ತೆಯ ಹರಕೆಯೇ ಮಾವನ ಕಾಲು ಉಳಿಸಿತೆಂದು ನಮ್ಮವರೆಲ್ಲ ಹೇಳುತ್ತಾರೆ. ಹರಕೆಗೆ ನನ್ನ ತಕರಾರಿಲ್ಲ. ಆದರೆ ತಿರುವನಂತಪುರದ ಆಸ್ಪತ್ರೆಯಲ್ಲಿ ಆ ದಿನ ಪಕ್ಕದಲ್ಲಿ ನಿಂತಿದ್ದವನು ನಾನು.

ಸಕ್ಕರೆ ಕಾಯಿಲೆಯ ಮಾವ ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬಂದು, "ಬಿಸಿಯೇ ತಾಗಲಿಲ್ಲ, ದೇವರ ದಯೆ" ಎಂದಿದ್ದರು. ಸಕ್ಕರೆಯಿಂದ ಸ್ಪರ್ಶವೇ ಸತ್ತ ಕಾಲಿಗೆ ಬಿಸಿ ತಾಗುವುದೆಲ್ಲಿಂದ? ಸುಟ್ಟ ಗಾಯದ ಕೀವು ಹೆಬ್ಬೆರಳಿನ ಎಲುಬಿಗೇ ಇಳಿದಿತ್ತು. ಮೊಣಕಾಲಿನ ಕೆಳಗೆ ಕತ್ತರಿಸುವುದೋ, ಬೆರಳಷ್ಟೇ ತೆಗೆದು ವಾರಗಟ್ಟಲೆ ಇಂಜೆಕ್ಷನ್ ಕೊಡುವುದೋ? ಕಾಸರಗೋಡಿನವರೇ ಆದ ಡಾಕ್ಟರು ಕಾಲನ್ನು ಬಿಟ್ಟು, ಮಾವನ ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಕಾಯಿಸತೊಡಗಿದರು.

"ಕಾಲಿಗೂ ಮೂತ್ರಕ್ಕೂ ಏನು ಸಂಬಂಧ?" ಎಂದು ನಾನು ವಾದಕ್ಕಿಳಿದೆ.

"ಇಂಜೆಕ್ಷನನ್ನು ಕಿಡ್ನಿ ತಡ್ಕೊಳ್ಬೇಕಲ್ಲ ಮಾರಾಯ! ಇದು ಒಡೆದ ಹಾಲಿನ ಹಾಗೆ ಆದ್ರೆ ಕಿಡ್ನಿ ಕೆಟ್ಟಿದೆ ಅಂತ. ಮತ್ತೆ ಕಾಲು ತೆಗೀಲೇಬೇಕು."

ಮಾವ ಕಣ್ಣು ಮುಚ್ಚಿ ಕೈಮುಗಿದರು. ಮೂತ್ರ ಕುದಿಯಿತು. ಡಾಕ್ಟರು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಎಳೆ ಮಬ್ಬೂ ಇರಲಿಲ್ಲ. "ಬೆರಳಷ್ಟೇ ತೆಗೆದ್ರೆ ಸಾಕು" ಎಂದರು.

ಒಂದು ಬೆರಳಿಲ್ಲದ ಮಾವ ಈಗ ಅದೇ ಊರಿನ ಪಟ್ಟಂ ಬಡಾವಣೆಯ ಕಚೇರಿಗೆ ನಡೆದೇ ಹೋಗುತ್ತಾರೆ. ಡಾಕ್ಟರು ಮಾತ್ರ ಅಂದು ಕೊಳವೆ ನೋಡಿ ನಾನು ಕೇಳಿದ ಪ್ರಶ್ನೆಗೆ ಇಂದಿಗೂ ಉತ್ತರ ಕೊಟ್ಟಿಲ್ಲ: "ಎಲುಬನ್ನೇ ತಿಂದ ಸಕ್ಕರೆ ಕಿಡ್ನಿಯನ್ನು ಯಾಕೆ ಬಿಟ್ಟಿತು, ಡಾಕ್ಟ್ರೇ?"