ಪಿಸುಮಾತಿನಲ್ಲೇ ಬೈದವರು

ತುರುಬಿಗೆ ಹೂವಿನ ಬದಲು ಒಂದು ನೀಲಿ ಪೆನ್ನು ಸಿಕ್ಕಿಸಿಕೊಂಡಿರುತ್ತಿದ್ದರು. ಪಾಂಡವಪುರದ ಕಡೆಯ ನಮ್ಮೂರಿಗೆ ಅವರು ಆಶಾ ಕಾರ್ಯಕರ್ತೆ. ಯಾವ ಬಸುರಿಗೆ ಎಷ್ಟು ತಿಂಗಳು, ಯಾರ ಕೂಸಿಗೆ ಯಾವ ಚುಚ್ಚುಮದ್ದು, ಎಲ್ಲ ಅವರಿಗೆ ಬಾಯಿಪಾಠ. ನಾವು ಬರೀ ಅಕ್ಕ ಅನ್ನುತ್ತಿದ್ದೆವು.

ಅಪ್ಪನಿಗೆ ಟಿ.ಬಿ. ಎಂದು ಗೊತ್ತಾದಾಗ ಕೆ.ಆರ್. ಪೇಟೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು. ಮಾತ್ರೆ ಸರ್ಕಾರದ್ದು, ಆರು ತಿಂಗಳು ಅಕ್ಕನ ಕಣ್ಣೆದುರೇ ನುಂಗಬೇಕು. ಅವ್ವ ಅವರ ಕೈ ಹಿಡಿದು, "ಆ ಗುಲಾಬಿ ಸೀರೆ ಉಟ್ಕಂಡು ಬರಬ್ಯಾಡ ಕಣವ್ವ, ಜನ ಆಡ್ಕತಾರೆ" ಎಂದಳು. ನಮ್ಮಂಥ ಮನೆಗಳಿಗೆ ರೋಗಕ್ಕಿಂತ ಊರ ಬಾಯಿಯ ಭಯವೇ ಹೆಚ್ಚು. ಅಕ್ಕ ಬೇಸರಿಸಲಿಲ್ಲ. ಮಾರನೆಯ ದಿನದಿಂದ ಸಮವಸ್ತ್ರ ಬಿಟ್ಟು, ಹಾಲಿಗೆ ಬಂದವರ ಹಾಗೆ ಚೊಂಬು ಹಿಡಿದು ಹಿತ್ತಿಲಿಂದ ಬರತೊಡಗಿದರು. ಮಾತ್ರೆ ಚೊಂಬಿನೊಳಗಿರುತ್ತಿತ್ತು.

ಮೂರನೇ ತಿಂಗಳಿಗೆ ಕೆಮ್ಮು ನಿಂತಿತು. ವಾಸಿಯಾಯಿತೆಂದುಕೊಂಡ ಅಪ್ಪ ಮಾತ್ರೆಯನ್ನು ದವಡೆಯಲ್ಲಿಟ್ಟುಕೊಂಡು, ಅಕ್ಕ ಹೋದ ಮೇಲೆ ತಿಪ್ಪೆಗೆ ಉಗಿಯತೊಡಗಿದ. ಒಂದು ಬೆಳಿಗ್ಗೆ ಅವರು ಅರ್ಧ ದಾರಿಯಿಂದ ತಿರುಗಿ ಬಂದು ಕಂಡುಬಿಟ್ಟರು. ಬೇರೆಯವರಾಗಿದ್ದರೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಇವರು ಅಕ್ಕಪಕ್ಕದವರಿಗೆ ಕೇಳಬಾರದೆಂದು ಪಿಸುಮಾತಿನಲ್ಲೇ ಬೈದರು.

"ಅಣ್ಣೋ, ಮಗಳ ಮದ್ವೆ ನೋಡ್ಬೇಕೋ ಬ್ಯಾಡ್ವೋ? ಅರ್ಧಕ್ಕೆ ಬುಟ್ರೆ ಆಮೇಲೆ ಯಾವ ಮಾತ್ರೆಗೂ ಬಗ್ಗಾಕಿಲ್ಲ ಈ ಕಾಯ್ಲೆ. ನೀನು ನುಂಗೋಗಂಟ ನಾನು ಏಳಾಕಿಲ್ಲ."

ಕೊಟ್ಟಿಗೆಯಲ್ಲೇ ಕೂತುಬಿಟ್ಟರು. ಅಪ್ಪನೋ ಜಗಮೊಂಡ. ಬಿಸಿಲೇರಿದ ಮೇಲೆ ನುಂಗಿ, ಅತ್ತುಬಿಟ್ಟ. ಅಕ್ಕನೂ ಕಣ್ಣೊರೆಸಿಕೊಂಡು, "ಎಲ್ಲಿ, ನಾಲ್ಗೆ ಎತ್ತಣ್ಣ" ಎಂದರು.

ಅಪ್ಪ ಉಳಿದ. ಅವನ ಕೈಯಿಂದಲೇ ನನ್ನ ಧಾರೆಯೂ ಆಯಿತು. ಆ ಮದುವೆಗೆ ನಾವು ಅಕ್ಕನನ್ನು ಕರೆಯಲಿಲ್ಲ. ಬೀಗರ ಎದುರು ಯಾರಾದರೂ ಏನಾದರೂ ಅಂದುಬಿಟ್ಟರೆ? ಬರೆಯಲು ನಾಚಿಕೆಯಾಗುತ್ತದೆ. ಆಮೇಲೆ ಸಿಕ್ಕಾಗಲೂ ಅವರು ಅದನ್ನು ಎತ್ತಲಿಲ್ಲ.

ಕಳೆದ ಆಷಾಢದಲ್ಲಿ ಎದೆನೋವು ಎಂದ ಅಕ್ಕ ಆಸ್ಪತ್ರೆ ಮುಟ್ಟಲೇ ಇಲ್ಲ. ಆರೋಗ್ಯ ಕೇಂದ್ರದ ಅಂಗಳದಲ್ಲಿ ಸಂತಾಪ ಸಭೆ ಇತ್ತು. ತವರಿಗೆ ಬಂದಿದ್ದ ನಾನು, ನನ್ನ ಗಂಡ, ಅಪ್ಪ ಹೋಗಿ ಕೂತೆವು. "ಅವರಿಂದ ವಾಸಿಯಾದೋರು ಯಾರಾದ್ರೂ ಎರಡು ಮಾತಾಡಿ" ಎಂದು ನರ್ಸಮ್ಮ ಕೇಳಿದರು. ಯಾರೂ ಏಳಲಿಲ್ಲ. ಅಪ್ಪ ಟವಲಿನಲ್ಲಿ ಮುಖ ಮುಚ್ಚಿಕೊಂಡ. ಮುಂದೆ ಕೂತಿದ್ದ ಅಕ್ಕನ ಮಗಳು ತಿರುಗಿ ನಮ್ಮನ್ನೊಮ್ಮೆ ನೋಡಿದಳು.

"ಈ ತೀರ್ಕಂಡೋರು ನಿಮಗೇನಾಗ್ಬೇಕು?" ಗಂಡ ನನ್ನ ಕಿವಿಯಲ್ಲಿ ಕೇಳಿದರು.

"ಏನೂ ಆಗ್ಬೇಕಿಲ್ಲ, ಊರೋರು" ಎಂದೆ.